ಪರಮಾಣುಗಳ ಒಗ್ಗಟ್ಟು ಮತ್ತು ತಳ್ಳಾಟ

ಮಾರ್ಗಶಿರ ಮಾಸದ ಮುಂಜಾವಿನಲ್ಲಿ ಶೃಂಗೇರಿಯ ತುಂಗಾತೀರದಲ್ಲಿ ನಿಂತವರಿಗೆ ಎದುರುದಡ ಕಾಣಿಸುವುದು ಕಷ್ಟ. ಹೊಳೆಯ ಮೇಲೆ ಮಂಜು ಹಾಸಿಕೊಂಡಿರುತ್ತದೆ. ವಿದ್ಯಾಶಂಕರ ದೇವಾಲಯದ ಶಿಖರ ಒಮ್ಮೆ ತೋರಿ ಒಮ್ಮೆ ಮರೆಯಾಗುತ್ತದೆ. ಹಿಂದಿನ ದಿನ ಹಗಲೆಲ್ಲ ಕಣ್ಣಿಗೆ ಬೀಳದ ಆವಿಯಾಗಿ ಅಲೆದಾಡಿದ ನೀರೇ ಇರುಳಿನ ಚಳಿಗೆ ಹನಿಗಟ್ಟಿ ಹೀಗೆ ಬೆಳ್ಳಗೆ ಕಾಣಿಸಿಕೊಂಡಿದೆಯೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದು ಹನಿಗಟ್ಟುವುದೇತಕ್ಕೆ? ನೀರಿನ ಅಣುಗಳಿಗೆ ಪರಸ್ಪರ ಸೆಳೆತವಿದೆ. ಬಿಸಿಯಿದ್ದಾಗ ಅವುಗಳ ಓಟದ ಭರವನ್ನು ತಡೆಯಲು ಆ ಸೆಳೆತ ಸಾಲದು; ಚಳಿಯಲ್ಲಿ ಓಟ ಕುಗ್ಗಿದಾಗ ಸೆಳೆತದ್ದೇ ಮೇಲುಗೈ. ಹಾಲೆಂಡಿನ ವಾನ್ ಡರ್ ವಾಲ್ಸ್ ಎಂಬಾತನು ೧೮೭೩ರಲ್ಲಿ ಈ ಸೆಳೆತವನ್ನು ಅನಿಲಗಳ ಲೆಕ್ಕದೊಳಕ್ಕೆ ತಂದ ಮೇಲೆ ಆವಿಯು ದ್ರವವಾಗುವ ಬಗೆ ತಿಳಿಯಾಯಿತು. ಸೆಳೆತವಿಲ್ಲದಿದ್ದರೆ ತುಂಗೆಯ ಮೇಲೆ ಮಂಜೂ ಇಲ್ಲ, ತುಂಗೆಯೂ ಇಲ್ಲ.

ಹೀಗಿರುವಾಗ, ಸೆಳೆತದ ಲವಲೇಶವೂ ಇಲ್ಲದ ಕಣಗಳು ಕೂಡ ಒಂದು ಹಂತದ ಚಳಿಯಲ್ಲಿ ತಾವಾಗಿಯೇ ಒಟ್ಟುಗೂಡಬಲ್ಲವೆಂದು ಯಾರಾದರೂ ಹೇಳಿದರೆ ನಂಬುವವರುಂಟೆ? ಹೇಳಿದವರು ಐನ್‌ಸ್ಟೈನ್, ಹೇಳಿಸಿದವರು ಢಾಕಾ ವಿಶ್ವವಿದ್ಯಾನಿಲಯದ ಸತ್ಯೇಂದ್ರನಾಥ ಬೋಸ್. ೧೯೨೪ರ ಜೂನ್ ತಿಂಗಳಿನಲ್ಲಿ, ಮೂವತ್ತು ವರ್ಷದ ಆ ಅಧ್ಯಾಪಕರು ಬೆಳಕಿನ ಕಣಗಳನ್ನು ಎಣಿಸುವ ಹೊಸ ಕ್ರಮವೊಂದನ್ನು ಬರೆದು ಬರ್ಲಿನ್ನಿಗೆ ಅಂಚೆಯಲ್ಲಿ ಕಳುಹಿಸಿದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚು ಮಾಡಿಸಿದುದಲ್ಲದೆ, ಅದೇ ಎಣಿಕೆಯನ್ನು ಪರಮಾಣುಗಳ ಅನಿಲಕ್ಕೂ ಅನ್ವಯಿಸಿದರು. ೧೯೨೫ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಆ ವಿಚಿತ್ರ ಫಲ ಕಾಣಿಸಿಕೊಂಡಿತು: ತಣ್ಣಗಾಗುತ್ತ ಹೋದ ಅನಿಲದಲ್ಲಿ ಒಂದು ಗಡಿ ದಾಟಿದೊಡನೆ ಪರಮಾಣುಗಳು ಗುಂಪುಗುಂಪಾಗಿ ಅತ್ಯಂತ ಕೆಳಗಿನ ಒಂದೇ ಒಂದು ಸ್ಥಿತಿಗೆ ಇಳಿದುಬಿಡುತ್ತವೆ. ಅವು ಒಂದೇ ಜಾಗದಲ್ಲಿ ರಾಶಿ ಬೀಳುವುದಿಲ್ಲ. ಅವುಗಳ ಚಲನೆ ಒಂದೇ ಆಗುತ್ತದೆ. ಭಜನೆಯಲ್ಲಿ ನೂರು ಕಂಠಗಳು ಒಂದೇ ಶ್ರುತಿಗೆ ಬಂದಾಗ ಹಾಡುವವರು ಕುಳಿತಲ್ಲೇ ಕುಳಿತಿರುತ್ತಾರಲ್ಲವೆ, ಹಾಗೆ.

ಎಲ್ಲ ಪರಮಾಣುಗಳಿಗೂ ಈ ಭಾಗ್ಯವಿಲ್ಲ. ಪ್ರಕೃತಿಯಲ್ಲಿ ಕಣಗಳದು ಎರಡು ಕುಲ. ಬೋಸರ ಎಣಿಕೆಗೆ ಒಳಪಟ್ಟವು ಒಂದು. ಇಟಲಿಯ ಫೆರ್ಮಿಯ ಹೆಸರಿನ ಎಣಿಕೆಗೆ ಒಳಪಟ್ಟವು ಇನ್ನೊಂದು. ಎರಡನೆಯ ಕುಲದವು ಒಂದಿದ್ದ ಮನೆಗೆ ಇನ್ನೊಂದು ಕಾಲಿಡವು. ಮೊದಲನೆಯವಕ್ಕೆ ಅಂಥ ಮಡಿಯಿಲ್ಲ. ಸಾಮಾನ್ಯ ಹೀಲಿಯಂ, ಸೋಡಿಯಂ, ರುಬಿಡಿಯಂ ಮುಂತಾದವು ಬೋಸರ ಕುಲದವು.

ಗಡಿಯೆಲ್ಲಿ ಎಂಬುದಕ್ಕೂ ಐನ್‌ಸ್ಟೈನರು ಲೆಕ್ಕ ಕೊಟ್ಟರು. ಪ್ರತಿಯೊಂದು ಪರಮಾಣುವಿಗೂ ಒಂದು ಅಲೆಯುಂಟು. ವೇಗ ಕುಗ್ಗಿದಷ್ಟೂ ಅಲೆಯ ಉದ್ದ ಹೆಚ್ಚು. ಮನೆಯೊಳಗಿನ ಸಾಧಾರಣ ಉಷ್ಣತೆಯಲ್ಲಿ ರುಬಿಡಿಯಂ ಪರಮಾಣುವಿನ ಅಲೆಯುದ್ದ ಅದರ ಮೈಗಿಂತಲೂ ಚಿಕ್ಕದು. ಅದನ್ನು ಮರೆತು ಪರಮಾಣುವನ್ನು ಗೋಲಿಯೆಂದೇ ತಿಳಿದರೂ ನಷ್ಟವಿಲ್ಲ. ಚಳಿ ಏರಿದಂತೆ ಅಲೆ ಉದ್ದವಾಗುತ್ತ ಹೋಗಿ ಕೊನೆಗೆ ನೆರೆಯ ಪರಮಾಣುವನ್ನು ಮುಟ್ಟುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಲೆಯುದ್ದದಷ್ಟಿರುವ ಪೆಟ್ಟಿಗೆಯನ್ನು ಕಲ್ಪಿಸಿಕೊಂಡರೆ, ಅದರೊಳಗೆ ಸರಾಸರಿ ೨.೬೧೨ ಪರಮಾಣುಗಳು ಸೇರಿದ ಕ್ಷಣವೇ ಒಗ್ಗಟ್ಟಿನ ಆರಂಭ.

ಈ ೨.೬೧೨ ಎಂಬ ಅಂಕೆಯಲ್ಲಿಯೇ ಒಂದು ಪೇಚು ಅಡಗಿದೆ. ಪರಮಾಣುಗಳು ಒಂದನ್ನೊಂದು ಸೆಳೆಯುವುದೂ ಇಲ್ಲ, ತಳ್ಳುವುದೂ ಇಲ್ಲ ಎಂಬ ಕರಾರಿನ ಮೇಲೆ ಬಂದ ಅಂಕೆ ಅದು. ಅಂಥ ಅನಿಲ ಜಗತ್ತಿನಲ್ಲಿ ಎಲ್ಲಿದೆ? ಒಂದನ್ನೊಂದು ಮುಟ್ಟದೆ ಹಾದುಹೋಗುವ ಪರಮಾಣುಗಳನ್ನು ತಣ್ಣಗೆ ಮಾಡುವುದೂ ಕಷ್ಟವೇ. ಬಿಸಿ ಕಾಫಿ ಆರುವುದು ಹೆಚ್ಚು ಬಿಸಿಯಾದ ಅಣುಗಳು ಆವಿಯಾಗಿ ಹೊರಟುಹೋಗಿ, ಉಳಿದವು ಪರಸ್ಪರ ಡಿಕ್ಕಿ ಹೊಡೆದು ಇದ್ದ ಬಿಸಿಯನ್ನು ಹಂಚಿಕೊಳ್ಳುವುದರಿಂದ. ಪ್ರಯೋಗಶಾಲೆಯಲ್ಲಿ ಕೊನೆಯ ಹಂತದ ಶೀತಲೀಕರಣವೂ ಇದೇ ಉಪಾಯದಿಂದ ಆಗುವಂಥದು. ಎಂದ ಮೇಲೆ ಪರಮಾಣುಗಳ ನಡುವೆ ವ್ಯವಹಾರ ಇದ್ದೇ ತೀರಬೇಕು. ಆ ವ್ಯವಹಾರ ಒಗ್ಗಟ್ಟಿನ ಆರಂಭವನ್ನು ಬೇಗ ತರುವುದೋ, ತಡ ಮಾಡುವುದೋ? ಪ್ರಶ್ನೆ ಇಷ್ಟು ಚಿಕ್ಕದು. ಇದಕ್ಕೆ ಒಪ್ಪಿಗೆಯಾಗುವ ಉತ್ತರ ದೊರೆಯಲು ನಾಲ್ಕು ದಶಕಗಳಿಗೂ ಮೀರಿ ಬೇಕಾದುವು.

ಮೊದಲು ಕಣ್ಣಿಗೆ ಬಿದ್ದ ಸಾಕ್ಷಿ ಹೀಲಿಯಂ. ೨.೧೭ ಕೆಲ್ವಿನ್ ಉಷ್ಣತೆಗಿಂತ ಕೆಳಗೆ ದ್ರವ ಹೀಲಿಯಂ ಯಾವ ಅಡ್ಡಿಯೂ ಇಲ್ಲದೆ ಅತಿ ಸಣ್ಣ ಸಂದುಗಳಲ್ಲಿಯೂ ಹರಿಯುತ್ತದೆಂಬುದು ೧೯೩೮ರಲ್ಲಿ ಮಾಸ್ಕೋದಲ್ಲಿಯೂ ಕೇಂಬ್ರಿಡ್ಜಿನಲ್ಲಿಯೂ ಬೇರೆಬೇರೆಯಾಗಿ ಬೆಳಕಿಗೆ ಬಂದಿತು. ಅದೇ ವರ್ಷ ಫ್ರಿಟ್ಸ್ ಲಂಡನ್ ಎಂಬ ವಿದ್ವಾಂಸನು, ಇದು ಬೋಸ್–ಐನ್‌ಸ್ಟೈನರ ಸಾಂದ್ರೀಕರಣವೇ ಇರಬೇಕೆಂದು ಸೂಚಿಸಿದನು. ಹೀಲಿಯಂ ಪರಮಾಣುಗಳಿಗೆ ಪರಸ್ಪರ ವ್ಯವಹಾರವಿಲ್ಲವೆಂದು ಭಾವಿಸಿ ಅದೇ ಸಾಂದ್ರತೆಗೆ ಲೆಕ್ಕ ಹಾಕಿದರೆ ಬರುವ ಗಡಿ ೩.೧೩ ಕೆಲ್ವಿನ್. ನಿಜವಾದ ಗಡಿ ಅದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕೆಳಗಿದೆ. ಆದುದರಿಂದ ಪರಮಾಣುಗಳ ತಳ್ಳಾಟ ಒಗ್ಗಟ್ಟಿಗೆ ವಿಘ್ನವೆಂದು ತೀರ್ಮಾನಿಸಿದವರನ್ನು ತಪ್ಪೆನ್ನುವಂತಿಲ್ಲ. ಆದರೆ ದ್ರವ ಹೀಲಿಯಂ ಎಂದರೆ ಪರಮಾಣುಗಳು ಮೈಗೆ ಮೈ ತಾಗಿಸಿಕೊಂಡಿರುವ ಜಂಗುಳಿ. ಅನಿಲದ ಮಾತು ಬೇರೆ. ವಿರಳವಾದ ಅನಿಲದಲ್ಲಿ ಅಲ್ಪಸ್ವಲ್ಪ ತಳ್ಳಾಟವಿದ್ದರೆ ಏನಾಗುತ್ತದೆಂದು ೧೯೫೦ರ ದಶಕದಿಂದ ಲೆಕ್ಕ ಹಾಕಿದವರು ಅನೇಕರು. ಅಮೆರಿಕದಲ್ಲಿದ್ದ ಚೀನೀ ವಿದ್ವಾಂಸರಾದ ಲೀ ಮತ್ತು ಯಾಂಗರಂಥ ಘಟಾನುಘಟಿಗಳೂ ಅದಕ್ಕೆ ಕೈ ಹಚ್ಚಿದರು. ಒಬ್ಬರ ಲೆಕ್ಕದಲ್ಲಿ ಗಡಿ ಮೇಲೇರಿತು, ಇನ್ನೊಬ್ಬರ ಲೆಕ್ಕದಲ್ಲಿ ಕೆಳಗಿಳಿಯಿತು. ಎಷ್ಟು ಎಂಬ ಮಾತು ಹಾಗಿರಲಿ, ಕೂಡಬೇಕೋ ಕಳೆಯಬೇಕೋ ಎಂಬಲ್ಲಿಯೇ ಮತಭೇದ!

ಇಂಥ ವಿವಾದಕ್ಕೆ ಪ್ರಯೋಗವೇ ತೀರ್ಪು ಹೇಳಬೇಕು. ಆದರೆ ಪ್ರಯೋಗಕ್ಕೆ ಅನಿಲವೇ ಸಿಕ್ಕುವಂತಿರಲಿಲ್ಲ. ಅಷ್ಟು ಚಳಿಯಲ್ಲಿ ಯಾವ ಲೋಹದ ಆವಿಯಾದರೂ ಗಟ್ಟಿಯಾಗಿ ಕೂರಬೇಕಾದುದು ನ್ಯಾಯ. ತುಂಗೆಯ ಮೇಲಿನ ಆವಿಗೆ ಆದ ಗತಿಯೇ ಅದಕ್ಕೂ ಆದರೆ ಬೋಸರ ಸಾಂದ್ರೀಕರಣಕ್ಕೆ ಎಡೆಯೆಲ್ಲಿ? ಹಾಗಾಗದಂತೆ ನೋಡಿಕೊಳ್ಳಲು ಇರುವ ದಾರಿ ಒಂದೇ: ಮೂರು ಪರಮಾಣುಗಳು ಏಕಕಾಲಕ್ಕೆ ಸಂಧಿಸುವ ಪ್ರಸಂಗವೇ ಅಪರೂಪವಾಗುವಷ್ಟು ವಿರಳವಾಗಿ ಅನಿಲವನ್ನು ಇಡುವುದು. ವಿರಳವಾದಷ್ಟೂ ಬೇಕಾಗುವ ಚಳಿ ವಿಪರೀತ. ಐನ್‌ಸ್ಟೈನರ ಮಾತು ಅನಿಲದಲ್ಲಿ ನಿಜವಾಗಲು ಎಪ್ಪತ್ತು ವರ್ಷ ಹಿಡಿದುದು ಈ ಕಾರಣದಿಂದಲೇ. ೧೯೯೫ರ ಜೂನ್ ೫ರಂದು ಅಮೆರಿಕದ ಬೋಲ್ಡರ್ ನಗರದಲ್ಲಿ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ ಇವರು ಸುಮಾರು ಎರಡು ಸಾವಿರ ರುಬಿಡಿಯಂ ಪರಮಾಣುಗಳನ್ನು ಲೇಸರ್ ಬೆಳಕಿನಿಂದಲೂ ಆಮೇಲೆ ಕಾಫಿ ಆರಿಸುವ ಉಪಾಯದಿಂದಲೂ ತಣಿಸಿ ಒಂದೇ ಸ್ಥಿತಿಗೆ ಇಳಿಸಿದರು. ಆಗಿನ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ಕೇವಲ ೧೭೦ ನ್ಯಾನೋಕೆಲ್ವಿನ್ ಮೇಲೆ. ಒಂದು ಡಿಗ್ರಿಯನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ೧೭೦ ಪಾಲು. ಕೆಲವು ತಿಂಗಳಲ್ಲಿ ಕೆಟರ್ಲೆ ಎಂಬಾತನು ಸೋಡಿಯಂನಲ್ಲಿಯೂ ಅದನ್ನು ಸಾಧಿಸಿದನು. ಮೂವರಿಗೂ ೨೦೦೧ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇಂದು ಇಂಥ ಅತಿಶೀತದ ವಿದ್ಯೆ ಬೆಂಗಳೂರಿಗೂ ಬಂದಿದೆ: ಸರ್ ಸಿ. ವಿ. ರಾಮನ್ನರು ೧೯೪೮ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಪರಮಾಣುಗಳನ್ನು ಒಟ್ಟಿಗೆ ತಣಿಸಿ, ಅವು ಪರಸ್ಪರ ಹೇಗೆ ವರ್ತಿಸುತ್ತವೆಂದು ಪರೀಕ್ಷಿಸುವ ಪ್ರಯೋಗಶಾಲೆಯಿದೆ.

ಇನ್ನು ವಿವಾದದ ತೀರ್ಪು. ಅದನ್ನು ತಿಳಿಯಲು ತುಂಗಾತೀರವನ್ನು ಬಿಟ್ಟು ಕೊಪ್ಪದ ಕಡೆಯ ಹೆಂಚಿನ ಮನೆಯೊಂದಕ್ಕೆ ಹೋಗುವುದು ಅನುಕೂಲ. ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚುಗಳನ್ನು ಕೈಯಾಡಿಸುವುದು ಆ ಸೀಮೆಯ ವಾಡಿಕೆ. ಅಂಗಳದ ರಾಶಿಯಿಂದ ಮಾಡಿನವರೆಗೆ ಜನ ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಇಪ್ಪತ್ತು ಜನರಿದ್ದಾರೆನ್ನೋಣ. ನೆಂಟರು ನೆಂಟರ ಪಕ್ಕದಲ್ಲಿಯೇ ನಿಲ್ಲಬಯಸಿ, ಇಲ್ಲಿ ಆರು ಜನ ಅಲ್ಲಿ ಎಂಟು ಜನ ಗುಂಪುಗಟ್ಟಿದರೆ ನಡುವೆ ತೆರಪು ಬೀಳುತ್ತದೆ. ಎಷ್ಟು ಉದ್ದನೆಯ ಕೈಯಾದರೂ ಆ ತೆರಪನ್ನು ದಾಟದು. ಹೆಂಚು ಗುಂಪಿನೊಳಗೇ ಸುತ್ತುತ್ತದೆ. ಅದೇ ಇಪ್ಪತ್ತು ಜನ ಒಬ್ಬರಿಗೊಬ್ಬರು ಮೈ ತಾಗದಂತೆ ತುಸು ಸರಿದು ನಿಂತರೆ ಸಾಲು ಸಮನಾಗುತ್ತದೆ. ಮೋಟು ಕೈಯವರಿದ್ದರೂ ಹೆಂಚು ಮಾಡಿಗೆ ತಲುಪುತ್ತದೆ.

ಇಲ್ಲಿ ಜನವೆಂದರೆ ಪರಮಾಣು, ಕೈಯ ಉದ್ದವೆಂದರೆ ಅಲೆಯುದ್ದ. ಬೋಸರ ಕುಲದ ಕಣಗಳಿಗೆ ಸೆಳೆತವಿಲ್ಲದಿದ್ದರೂ ಗುಂಪುಗೂಡುವ ಸಹಜ ಒಲವುಂಟು. ಗಡಿ ಹತ್ತಿರವಾದಂತೆ ಅನಿಲದಲ್ಲಿ ಕೆಲವೆಡೆ ದಟ್ಟಣೆ, ಕೆಲವೆಡೆ ತೆರಪು ಮೂಡುತ್ತವೆ. ಒಗ್ಗಟ್ಟು ಎಂದರೆ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಅಲೆಗಳ ಕೈ ಕೂಡಬೇಕು. ತೆರಪುಗಳಿದ್ದರೆ ಕೂಡದು, ಅಲೆ ಇನ್ನೂ ಉದ್ದವಾಗಲು, ಅಂದರೆ ಅನಿಲ ಇನ್ನೂ ತಣ್ಣಗಾಗಲು ಕಾಯಬೇಕು. ಪರಮಾಣುಗಳಲ್ಲಿ ತುಸು ತಳ್ಳಾಟವಿದ್ದರೆ ದಟ್ಟಣೆ ಚದುರಿ ತೆರಪು ತುಂಬುತ್ತದೆ. ಆಗ ಚಿಕ್ಕ ಅಲೆಯೂ ಸಾಕು. ಅಷ್ಟು ಚಳಿ ಬೇಡ. ಎಂದರೆ ತಳ್ಳಾಟವು ಒಗ್ಗಟ್ಟಿನ ಆರಂಭವನ್ನು ಬೇಗ ತರುತ್ತದೆ, ಗಡಿಯ ಉಷ್ಣತೆಯನ್ನು ಮೇಲಕ್ಕೇರಿಸುತ್ತದೆ. (ಇದರಿಂದ ಅವಿಭಕ್ತ ಕುಟುಂಬಗಳಿಗೆ ನೀತಿ ತೆಗೆಯಲು ಹೊರಡುವವರನ್ನು ತಡೆಯುವವರಿಲ್ಲ, ಆದರೆ ಭೌತಶಾಸ್ತ್ರ ಅದಕ್ಕೆ ಹೊಣೆಯಲ್ಲ.)

ಎಷ್ಟು ಮೇಲಕ್ಕೆ? ನಿಧಾನವಾಗಿ ಚಲಿಸುವ ರುಬಿಡಿಯಂ ಪರಮಾಣುಗಳು ಸಂಧಿಸಿದಾಗ, ಪ್ರತಿಯೊಂದಕ್ಕೂ ಸುಮಾರು ಐದು ನ್ಯಾನೋಮೀಟರ್ ಅಳತೆಯ ಗಡುಸು ಮೈಯಿದ್ದಂತೆ ವರ್ತಿಸುತ್ತವೆ. ಈ ಅಳತೆಯನ್ನು ಪರಮಾಣುಗಳ ನಡುವಣ ಸರಾಸರಿ ಅಂತರಕ್ಕೆ ಹೋಲಿಸಬೇಕು. ಉಷ್ಣತೆಯ ಏರಿಕೆ ಆ ಎರಡರ ಪ್ರಮಾಣಕ್ಕೆ ಸರಿಯಾಗಿರುತ್ತದೆಂದು ಬೇಮ್, ಲಾಲೋ ಮೊದಲಾದ ಐವರು ೧೯೯೯ರಲ್ಲಿ ತೋರಿಸಿದರು. ಆ ಪ್ರಮಾಣವನ್ನು ಯಾವ ಅಂಕೆಯಿಂದ ಗುಣಿಸಬೇಕೆಂಬುದಕ್ಕೆ ಮಾತ್ರ ಸೊನ್ನೆಯ ಮೇಲಿನ ಅಲ್ಪದಿಂದ ಹಿಡಿದು ಎರಡನ್ನು ಮೀರುವವರೆಗೆ ನಾನಾ ಉತ್ತರಗಳು ಬರುತ್ತಲೇ ಇದ್ದುವು. ೨೦೦೧ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಗಣಕಯಂತ್ರದ ಮೂಲಕ ಲೆಕ್ಕ ಮಾಡಿ ಒಂದೇ ಅಂಕೆಗೆ ಬಂದುವು: ಸುಮಾರು ೧.೩. ೧೭೦ ನ್ಯಾನೋಕೆಲ್ವಿನ್ನಿನ ರುಬಿಡಿಯಂ ಅನಿಲದಲ್ಲಿ ಗಡಿಯ ಬಳಿ ಪರಮಾಣುಗಳ ಅಂತರ ಸುಮಾರು ೩೩೦ ನ್ಯಾನೋಮೀಟರ್. ಗುಣಿಸಿ ನೋಡಿದರೆ ಏರಿಕೆ ಶೇಕಡ ೨ರಷ್ಟು, ಅಂದರೆ ಮೂರೂವರೆ ನ್ಯಾನೋಕೆಲ್ವಿನ್. ಇಷ್ಟಕ್ಕಾಗಿ ನಾಲ್ಕು ದಶಕಗಳೆ ಎನ್ನಬಾರದು. ಸಣ್ಣದೆಂಬ ಕಾರಣಕ್ಕೇ ಅದು ಲೆಕ್ಕದ ಬಲೆಯಿಂದ ಅಷ್ಟು ಕಾಲ ನುಸುಳಿಕೊಂಡಿತು. ಹಳೆಯ ಸರಾಸರಿ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆಯೆಂದೇ ಬರುತ್ತದೆ.

ಹಾಗಾದರೆ ಹೀಲಿಯಂನ ಸಾಕ್ಷಿ ಸುಳ್ಳೆ? ಸುಳ್ಳಲ್ಲ. ತಳ್ಳಾಟ ಬಲವಾಗುತ್ತ ಹೋದರೆ ಗಡಿ ಮೊದಲು ಏರಿ, ಒಂದು ಎತ್ತರವನ್ನು ಮುಟ್ಟಿ, ಮತ್ತೆ ಇಳಿಯುತ್ತದೆಂದು ೧೯೯೭ರ ಗಣಕಲೆಕ್ಕವೊಂದು ತೋರಿಸಿತು. ಹೆಂಚು ದಾಟಿಸುವವರು ತುಸು ಸರಿದು ನಿಂತರೆ ಸರಿ. ಇಕ್ಕಟ್ಟಾದ ಜಗಲಿಯಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಿವಿಯುವಂತೆ ನಿಂತರೆ ಕೈಯಾಡುವುದೆಂತು? ದ್ರವ ಹೀಲಿಯಂ ಆ ಜಗಲಿ. ಆರಂಭ ತಡವಾಗುವುದಷ್ಟೇ ಅಲ್ಲ. ಎಷ್ಟು ತಣಿಸಿದರೂ ಅದರಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಪರಮಾಣುಗಳು ಕೆಳಗಿನ ಸ್ಥಿತಿಗೆ ಇಳಿಯುವುದಿಲ್ಲ.

ಸಿದ್ಧಾಂತ ಹೀಗೆ ದಡ ಮುಟ್ಟಿತು. ಆದರೆ ಅಳೆಯ ಹೊರಟವರಿಗೆ ಸಿಕ್ಕಿದ್ದು ಇದಕ್ಕೆ ಸರಿಯಾಗಿ ವಿರುದ್ಧವಾದ ಫಲ. ಫ್ರಾನ್ಸಿನ ಓರ್ಸೆಯಲ್ಲಿ ೨೦೦೪ರಲ್ಲಿ ರುಬಿಡಿಯಂ ಅನಿಲವನ್ನು ಎಚ್ಚರದಿಂದ ಅಳೆದಾಗ ಗಡಿಯ ಉಷ್ಣತೆ ಏರುವ ಬದಲು ಇಳಿದಿತ್ತು. ಸೋಜಿಗವೆಂದರೆ ಇದರಿಂದ ಯಾರೂ ಗಾಬರಿಯಾಗಲಿಲ್ಲ. ಹಾಗೆಯೇ ಆಗಬೇಕೆಂದು ಇಟಲಿಯ ಟ್ರೆಂಟೋ ನಗರದ ಮೂವರು ವಿದ್ವಾಂಸರು ೧೯೯೬ರಲ್ಲಿಯೇ ಹೇಳಿದ್ದರು. ಕಾರಣ ಪರಮಾಣುಗಳಲ್ಲಿಲ್ಲ, ಪಾತ್ರೆಯಲ್ಲಿದೆ.

ನರಸಿಂಹರಾಜಪುರದ ಬಳಿ ಭದ್ರಾ ಜಲಾಶಯದ ಹಿನ್ನೀರನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ದೇವಾಲಯದ ಪುಷ್ಕರಿಣಿಗೆ ನಾಲ್ಕು ಕಡೆ ಕಲ್ಲಿನ ಗೋಡೆಯುಂಟು. ನೀರು ಅದರಾಚೆ ಹೋಗುವಂತಿಲ್ಲ. ಹಿನ್ನೀರಿಗೆ ಗೋಡೆಯೆಲ್ಲಿದೆ? ಲಕ್ಕವಳ್ಳಿಯಲ್ಲಿ ಅಣೆಕಟ್ಟು ನಿಂತಿದೆಯೇ ಹೊರತು ಇತ್ತ ಇರುವುದು ಬರಿಯ ಇಳಿಜಾರು. ಒತ್ತಡ ಬಂದಂತೆ ನೀರು ಇಳಿಜಾರನ್ನೇರಿ ಗದ್ದೆಬಯಲಿನ ಕಡೆಗೆ ಚಾಚಿಕೊಳ್ಳುತ್ತದೆ. ಪ್ರಯೋಗಶಾಲೆಯ ಪರಮಾಣುಗಳನ್ನು ಹಿಡಿದಿಡುವ ಕಾಂತಕ್ಷೇತ್ರವೂ ಅಂಥ ಇಳಿಜಾರಿನ ಬೋಗುಣಿ. ನಡುವೆ ಆಳ, ಅಂಚಿನಲ್ಲಿ ತೆಳು, ಗೋಡೆಯೆಂಬುದಿಲ್ಲ. ಪರಮಾಣುಗಳು ಪರಸ್ಪರ ತಳ್ಳಿಕೊಂಡಾಗ ಅನಿಲ ಅಂಚಿನ ಕಡೆಗೆ ಚಾಚುತ್ತದೆ, ನಡುವಿನ ದಟ್ಟಣೆ ಕಡಿಮೆಯಾಗುತ್ತದೆ. ದಟ್ಟಣೆ ಇಳಿದರೆ ಅಲೆಗಳು ಕೂಡಲು ಹೆಚ್ಚು ಚಳಿ ಬೇಕು, ಗಡಿ ಇಳಿಯಲೇಬೇಕು. ತೆರಪನ್ನು ತುಂಬುವುದರಿಂದ ಬರುವ ಏರಿಕೆಯೂ ಅಲ್ಲಿ ಇಲ್ಲದಿಲ್ಲ. ಆದರೆ ಗಡಿಯ ಸಮಯದಲ್ಲಿ ಅದು ನಡೆಯುವುದು ಬೋಗುಣಿಯ ನಟ್ಟನಡುವಿನ ಒಂದಿಷ್ಟು ಜಾಗದಲ್ಲಿ ಮಾತ್ರ. ದೊಡ್ಡ ಇಳಿತದ ಕೆಳಗೆ ಆ ಚಿಕ್ಕ ಏರಿಕೆ ಹೂತುಹೋಗಿರುತ್ತದೆ.

ಅದನ್ನು ಅಗೆದು ತೆಗೆದವರು ಕೇಂಬ್ರಿಡ್ಜಿನವರು. ಪೊಟ್ಯಾಸಿಯಂನ ಒಂದು ಬಗೆಯ ಪರಮಾಣುಗಳಿಗೆ ಒಂದು ಅನುಕೂಲವಿದೆ: ಹೊರಗಿನ ಕಾಂತಕ್ಷೇತ್ರವನ್ನು ಹೆಚ್ಚುಕಡಿಮೆ ಮಾಡಿದರೆ ಅವುಗಳ ತಳ್ಳಾಟವೂ, ತಂಬೂರಿಯ ಬಿರಡೆ ತಿರುಗಿಸಿದಂತೆ, ಹೆಚ್ಚುಕಡಿಮೆಯಾಗುತ್ತದೆ. ೨೦೧೧ರಲ್ಲಿ ಆ ತಂಡವು ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟು ತಳ್ಳಾಟವೊಂದನ್ನೇ ಬದಲಿಸಿ ಅಳೆಯಿತು. ತಳ್ಳಾಟ ಕಡಿಮೆಯಿದ್ದಾಗ ಇಳಿತ ಟ್ರೆಂಟೋದವರ ಲೆಕ್ಕದಂತೆಯೇ ಇತ್ತು. ಬಿರಡೆಯನ್ನು ಬಿಗಿ ಮಾಡುತ್ತ ಹೋದಂತೆ ಅಳತೆಯ ಗೆರೆ ಲೆಕ್ಕದ ಗೆರೆಯನ್ನು ಬಿಟ್ಟು ಮೇಲಕ್ಕೆ ಬಾಗತೊಡಗಿತು. ಕೊಪ್ಪದ ಹೆಂಚಿನ ಸಾಲು ಅಲ್ಲಿ ಕಾಣಿಸಿಕೊಂಡಿತ್ತು.

ಸೆಳೆತವಿರುವ ಪರಮಾಣುಗಳ ಕಥೆ ಗಿಡ್ಡದು. ಅಮೆರಿಕದ ರೈಸ್ ವಿಶ್ವವಿದ್ಯಾನಿಲಯದಲ್ಲಿ ಪರಸ್ಪರ ಸೆಳೆಯುವ ಲಿಥಿಯಂ ಪರಮಾಣುಗಳನ್ನು ತಣಿಸಿದಾಗ ಒಗ್ಗೂಡಿದವು ಸಾವಿರದ ಆಚೀಚೆ ಮಾತ್ರ. ಮೀರಿದರೆ ಅವು ಒಂದರ ಮೇಲೊಂದು ಕುಸಿದು ಚೆಲ್ಲಾಪಿಲ್ಲಿ. ಒಗ್ಗೂಡಿದ ಮೇಲೆ ಬಾಳಬೇಕಾದರೂ ಕೊಂಚ ದೂರ ಬೇಕೇ ಬೇಕು.

ತಳ್ಳಾಟ ಒಗ್ಗಟ್ಟನ್ನು ಪೂರ್ತಿಯಾಗಿ ಅಳಿಸಿಬಿಡುವ ಸಂದರ್ಭವೂ ಒಂದಿದೆ. ಅದರ ಲೆಕ್ಕಕ್ಕೆ ಬೆಂಗಳೂರಿನ ಹೆಸರು ಅಂಟಿಕೊಂಡಿದೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಮಧ್ಯಾಹ್ನ ಹೊರಗೆ ಬರುವ ಚೆನ್ನೆಮಣೆಯನ್ನು ನೆನೆಯಬೇಕು. ಅದರ ಕುಳಿಗಳಂತೆ, ಪರಮಾಣುಗಳನ್ನು ಒಂದೊಂದಾಗಿ ಕೂರಿಸಬಲ್ಲ ಕುಳಿಗಳ ಸಾಲಿದ್ದರೆ ಏನಾದೀತು? ಒಂದು ಕುಳಿಯಿಂದ ಇನ್ನೊಂದಕ್ಕೆ ಜಿಗಿಯುವ ಚಪಲ ಹೆಚ್ಚಿದ್ದರೆ ಪರಮಾಣುಗಳು ಮಣೆಯ ಉದ್ದಕ್ಕೂ ಒಂದೇ ಅಲೆಯಾಗಿ ಹರಡುತ್ತವೆ. ತಳ್ಳಾಟ ಹೆಚ್ಚಿದ್ದರೆ, ತುಂಬಿದ ಕುಳಿಗೆ ಇನ್ನೊಂದು ಹೋಗಲಾರದೆ, ಒಂದೊಂದು ಕುಳಿಯಲ್ಲಿ ಒಂದೊಂದರಂತೆ ಎಲ್ಲವೂ ಸ್ತಬ್ಧ. ಇಂಥ ಗಡಿಯೊಂದು ಇರಬೇಕೆಂದು ೧೯೮೯ರಲ್ಲಿ ಅಮೆರಿಕದ ವಿದ್ವಾಂಸರು ತೋರಿಸಿದ್ದರು. ಅದು ಎಲ್ಲಿ ಬೀಳುತ್ತದೆಂಬುದನ್ನು ಕಾಗದ ಪೆನ್ಸಿಲುಗಳಿಂದಲೇ ಲೆಕ್ಕಿಸಬಹುದಾದ ಸರಳ ಮಾರ್ಗವನ್ನು ೧೯೯೩ರಲ್ಲಿ ಪ್ರಕಟಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಶೇಷಾದ್ರಿ, ಎಚ್. ಆರ್. ಕೃಷ್ಣಮೂರ್ತಿ, ರಾಹುಲ್ ಪಂಡಿತ್ ಮತ್ತು ಟಿ. ವಿ. ರಾಮಕೃಷ್ಣನ್. ಆಗ ಪರಮಾಣುಗಳ ಸಾಂದ್ರೀಕರಣವೇ ಇನ್ನೂ ಯಾವ ಪ್ರಯೋಗಶಾಲೆಯಲ್ಲಿಯೂ ಆಗಿರಲಿಲ್ಲ.

೨೦೦೨ರಲ್ಲಿ ಮ್ಯೂನಿಕ್ ನಗರದಲ್ಲಿ ಲೇಸರ್ ಕಿರಣಗಳನ್ನು ಅಡ್ಡಡ್ಡ ಹಾಯಿಸಿ ಬೆಳಕಿನದೇ ಒಂದು ಚೆನ್ನೆಮಣೆಯನ್ನು ಮಾಡಿ, ಅದರಲ್ಲಿ ಒಗ್ಗೂಡಿದ ರುಬಿಡಿಯಂ ಪರಮಾಣುಗಳನ್ನು ಬಿಟ್ಟರು. ಬೆಳಕನ್ನು ಹೆಚ್ಚಿಸಿ ಕುಳಿಗಳನ್ನು ಆಳವಾಗಿಸಿದಾಗ ಒಗ್ಗಟ್ಟಿನ ಗುರುತು ಅಳಿಸಿಹೋಯಿತು. ಪರಮಾಣುಗಳು ತಮ್ಮ ತಮ್ಮ ಕುಳಿಗಳಲ್ಲಿ ಕುಳಿತುಬಿಟ್ಟುವು. ಬೆಳಕನ್ನು ಮತ್ತೆ ತಗ್ಗಿಸಿದರು. ಕೆಲವೇ ಮಿಲಿಸೆಕೆಂಡುಗಳಲ್ಲಿ, ಕಣ್ಣೆವೆ ಮುಚ್ಚಿ ತೆರೆಯುವುದಕ್ಕಿಂತ ಮೊದಲೇ, ಅವು ಹಿಂದಿನಂತೆ ಒಂದೇ ಅಲೆಯಾಗಿದ್ದುವು.